ಮೇಷ್ಟ್ರ ಬಾಯಿಂದಲೇ

ಜೂನ್ 6

ಪುಟ್ಟಿ,

ನೀನು ಚೆನ್ನಾಗಿದ್ದೀಯ ಎಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಶ್ವಾಸಕೋಶ ಎರಡೂ ಸವೆದುಹೋಗಿವೆ, ಇನ್ನು ಮೊದಲಿನಂತೆ ಆಗುವುದಿಲ್ಲ, ಇದ್ದಷ್ಟು ದಿನ ಮನೆಯಲ್ಲೇ ನೋಡಿಕೊಳ್ಳಬೇಕು ಎಂದರು ಡಾಕ್ಟರು. ಮೈದಾನದಲ್ಲಿ ಹುಡುಗರಿಗೆ ಓಟ ಕಲಿಸಿ, ಮೈದಾನದ ಹಿಂದೆ ನಿಂತು ಸಿಗರೇಟು ಸೇದಿದ್ದರ ಫಲ ಇದು.

ಫೋನು ಮಾಡಬೇಡ. ನಿನಗೂ ಪ್ರೆಸ್ಸಿನ ಗದ್ದಲದಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ನನಗೂ ಇಲ್ಲಿ ಬಾಯಿ ಬಿಡಲು ಜಾಗವಿಲ್ಲ. ಹಾಲ್‌ನಲ್ಲೇ ಅವರ ಮಂಚ. ಉಸಿರು ಹೋಗಿದೆಯೇ ಹೊರತು ಕಿವಿ ಹೋಗಿಲ್ಲ. ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಅಲ್ಲಿಂದ ಕತ್ತು ಎತ್ತುತ್ತಾರೆ. ಎದುರುಮನೆಯ ಟೈಲರಮ್ಮನ ವಿಳಾಸಕ್ಕೆ ಬರೆ. ಅವಳು ಬಟ್ಟೆಯ ಜೊತೆ ತಂದುಕೊಡುತ್ತಾಳೆ.

ಮಂಚದ ಪಕ್ಕದಲ್ಲಿ ಆಕ್ಸಿಜನ್ ಯಂತ್ರ ಕೂತಿದೆ. ಹಗಲೂ ರಾತ್ರಿ ಗುಂಯ್‌ಗುಡುತ್ತದೆ. ಅದರಿಂದ ಒಂದು ಸಣ್ಣ ನಳಿಕೆ ಇವರ ಮೂಗಿಗೆ. ವಾರಕ್ಕೊಮ್ಮೆ ಆಸ್ಪತ್ರೆಯಿಂದ ಒಬ್ಬಳು ಹುಡುಗಿ ಸ್ಕೂಟರಿನಲ್ಲಿ ಬರುತ್ತಾಳೆ, ಉಸಿರಾಟ ಕಲಿಸಲು. ನಾನು ಅವಳನ್ನು ಉಸಿರಿನ ಟೀಚರು ಎನ್ನುತ್ತೇನೆ. ಮೂಗಿನಿಂದ ಎಳೆದುಕೊಳ್ಳಿ, ತುಟಿ ಚೂಪು ಮಾಡಿ ಬಿಸಿ ಹಾಲು ಆರಿಸುವ ಹಾಗೆ ನಿಧಾನಕ್ಕೆ ಊದಿ, ಒಳಗೆ, ಹೊರಗೆ, ಒಳಗೆ, ಹೊರಗೆ ಎಂದು ಅವಳು ಹೇಳುವುದು, ಇಡೀ ಶಾಲೆಯನ್ನು ಸೀಟಿ ಊದಿ ಕುಣಿಸಿದ ಡ್ರಿಲ್ ಮೇಷ್ಟ್ರು ಕಣ್ಣು ಮಿಟುಕಿಸದೆ ಹಾಗೇ ಮಾಡುವುದು. ನನಗೆ ನಗು ತಡೆಯಲಾಗದೆ ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡೆ.

ಇದಕ್ಕಿಂತ ಮಜಾ ಇನ್ನೊಂದಿದೆ. ಎದೆಯಲ್ಲಿ ಕಟ್ಟಿದ ಕಫ ಸಡಿಲವಾಗಲು ದಿನಾ ಬೆಳಗ್ಗೆ ಸಂಜೆ ಬೆನ್ನು ತಟ್ಟಬೇಕಂತೆ. ಇವರು ದಿಂಬಿನ ಮೇಲೆ ಬೋರಲು ಮಲಗಬೇಕು, ನಾನು ಅಂಗೈಯನ್ನು ಬೊಗಸೆಯಂತೆ ಮಡಿಸಿ ಪಕ್ಕೆಲುಬಿನ ಮೇಲೆ ಡಬ್ ಡಬ್ ಅಂತ ತಟ್ಟಬೇಕು. ಹೆದರಬೇಡಿ ಅಮ್ಮಾ, ಜೋರಾಗೇ ತಟ್ಟಿ ಎಂದಳು ಹುಡುಗಿ. ಇಷ್ಟು ವರ್ಷ ಒಬ್ಬರೇ ಕೈ ಮಾಡಿದ ಮನೆಯಲ್ಲಿ ಈಗ ನನಗೂ ಡಾಕ್ಟರ ಚೀಟಿ ಸಿಕ್ಕಿದೆ, ನೋಡು. ಹೊಟ್ಟೆ ತಣ್ಣಗಾಯಿತು ಎಂದು ಬರೆದರೆ ನೀನು ತಪ್ಪು ತಿಳಿಯುವುದಿಲ್ಲ ಅಂತ ಗೊತ್ತು.

ಮಗಳು ಒಮ್ಮೆ ಬಂದು ಮುಖ ತೋರಿಸಿ ಹೋಗಬಾರದೇ ಎಂದು ಬಂದವರೆಲ್ಲ ಕೇಳುತ್ತಿದ್ದಾರೆ. ನಾನು ಕೇಳುತ್ತಿಲ್ಲ.

ನಿನ್ನ ಅಮ್ಮ

*

ಜೂನ್ 19

ಅಮ್ಮ,

ನಿನ್ನ ಕಾಗದವನ್ನು ಹಾಳೆ ಮಡಿಸುವ ಯಂತ್ರದ ಪಕ್ಕ ನಿಂತೇ ಓದಿದೆ. ನಕ್ಕಿದ್ದನ್ನು ನೋಡಿ ಪಕ್ಕದವಳು ಗಂಡು ಗೊತ್ತಾಯಿತಾ ಎಂದಳು. ಇಲ್ಲಿ ಎಲ್ಲರಿಗೂ ಯಂತ್ರದ ಸದ್ದಿಗೆ ತಲೆನೋವು. ನಾನು ಮಾತ್ರ ಎಡಗಿವಿಯನ್ನು ಯಂತ್ರಕ್ಕೆ ಕೊಟ್ಟು ಹಾಯಾಗಿರುತ್ತೇನೆ. ಮೇಷ್ಟ್ರು ನನಗೆ ಮಾಡಿದ ಉಪಕಾರ ಇದೊಂದೇ.

ಬೊಗಸೆ ಯಾಕಮ್ಮ? ಅಂಗೈ ಚಪ್ಪಟೆ ಮಾಡಿ ಬಾರಿಸು. ದಿನಾ ನನ್ನ ಪಾಲಿನದೂ ಒಂದು ಇರಲಿ. ಟೀಚರು ಜೋರಾಗಿ ಎಂದಿದ್ದಾಳಲ್ಲ.

ನೀನು ಮರೆತಿಲ್ಲ, ಗೊತ್ತು. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಇವತ್ತು ಕೆಲಸ ಸಾಗುವುದಿಲ್ಲ. ಶಾಲೆಯ ಕ್ರೀಡಾದಿನ. ನಾನು ಮೂರನೇ ಕ್ಲಾಸು. ಎಡಕ್ಕೆ ತಿರುಗು ಎಂದಾಗ ಇಡೀ ಸಾಲು ಎಡಕ್ಕೆ ತಿರುಗಿತು, ನಾನು ಬಲಕ್ಕೆ ತಿರುಗಿದೆ. ಅತಿಥಿಗಳು ನಕ್ಕರು. ಮೇಷ್ಟ್ರೂ ಅಲ್ಲಿ ನಕ್ಕರು. ಮನೆಗೆ ಬಂದು ಬಾಗಿಲು ಹಾಕಿ, ಎಡ ಯಾವುದು ಅಂತ ಇನ್ನು ಮರೀಬಾರದು ಎಂದು ಎಡಗಿವಿಯ ಮೇಲೆ ಕೊಟ್ಟರು. ಆಮೇಲೆ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರೂ ಅವರೇ, ನಿನ್ನನ್ನು ಹೊರಗೆ ಕೂರಿಸಿ. ಜ್ವರ ಬಂದು ಕಿವಿ ಹೋಯಿತು ಎಂದರು. ಡಾಕ್ಟರಿಗೆ, ಶಾಲೆಗೆ, ಬೀದಿಗೆ, ನೆಂಟರಿಗೆ ಎಲ್ಲರಿಗೂ ಅದೇ ಜ್ವರ. ಪಾಪ ಮೇಷ್ಟ್ರು, ಮಗಳಿಗೆ ಹೀಗಾಯಿತು ಎಂದು ಜನ ಅವರಿಗೆ ಸಮಾಧಾನ ಹೇಳಲು ಬರುತ್ತಿದ್ದರು. ನನಗೆ ಏಟಿಗಿಂತ ಆ ಸಮಾಧಾನ ಜಾಸ್ತಿ ಉರಿಯುತ್ತದೆ.

ನಾನು ಬರಬೇಕೆಂದರೆ ಒಂದೇ ದಾರಿ. ನಾಲ್ಕು ಜನರ ಮುಂದೆ ಅವರು ತಮ್ಮ ಬಾಯಿಂದ ಹೇಳಲಿ: ಜ್ವರ ಅಲ್ಲ, ನಾನು. ಅದನ್ನು ಹೇಳಿದ ದಿನ ಬರುತ್ತೇನೆ. ಹೇಳದೆ ಹೋದರೆ ಹೆಣ ನೋಡಲೂ ಬರುವುದಿಲ್ಲ.

ನಿನ್ನ ಪುಟ್ಟಿ

*

ಜುಲೈ 3

ಪುಟ್ಟಿ,

ನೀನು ಹೇಳಿದ ಹಾಗೆ ಮಾಡಿದೆ. ಒಂದು ಸಂಜೆ ಅಂಗೈ ಚಪ್ಪಟೆ ಇಟ್ಟು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಕೊಟ್ಟೆ. ಐದೂ ಬೆರಳು ಬೆನ್ನ ಮೇಲೆ ಮೂಡಿದವು.

ಮಾರನೆಯ ದಿನ ಉಸಿರಿನ ಟೀಚರು ಬಂದು ಅಂಗಿ ಎತ್ತಿ ನೋಡಿದಳು. ಇದೇನು ಸಾರ್ ಎಂದಳು. ಇವರು ಉಸಿರು ಎಳೆದುಕೊಂಡು, "ಬಚ್ಚಲಲ್ಲಿ... ಜಾರಿದೆ" ಅಂದರು.

ಅದು ನನ್ನ ಮಾತು, ಪುಟ್ಟಿ. ಹಾಲಿನವನಿಗೆ, ಟೈಲರಮ್ಮನಿಗೆ, ನನ್ನ ಅಣ್ಣನಿಗೆ, ಯಾರು ಕೇಳಿದರೂ ನಾನು ಹೇಳುತ್ತಿದ್ದ ಮಾತು. ಅದನ್ನೂ ಎತ್ತಿಕೊಂಡುಬಿಟ್ಟರು. ಹೇಳಿದ ಮೇಲೆ ನನ್ನ ಕಡೆ ನೋಡಿದ ನೋಟ ನೀನು ನೋಡಬೇಕಿತ್ತು. ಒಂದು ಏಟು ತಿಂದೆ, ಮುಚ್ಚಿಹಾಕಿದೆ, ಇನ್ನು ನಮ್ಮಿಬ್ಬರದು ಸರಿಹೋಯಿತು ಎನ್ನುವ ನೋಟ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಸುಲಭಕ್ಕೆ ಅವರನ್ನು ಬಿಡುವವರು ಯಾರು? ಅವತ್ತಿನಿಂದ ಬೊಗಸೆ ಕೈ ಬಿಟ್ಟರೆ ಬೇರೆ ಕೈ ಮುಟ್ಟಿಸಿಲ್ಲ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಸರಿಯಾಗಿ ನೋಡಿಕೊಳ್ಳದಿದ್ದರೆ ಈ ವರ್ಷ ದಾಟುವುದು ಕಷ್ಟ ಎಂದಿದ್ದರು. ಅದು ನೆನಪಾಗಿ ತೀರ್ಮಾನ ಮಾಡಿದೆ. ನೀನು ಕೇಳಿದ ಮಾತನ್ನು ಹೇಳದೆ ಇವರನ್ನು ಸಾಯಲು ಬಿಡುವುದಿಲ್ಲ. ಈಗ ನಾನು ಇವರನ್ನು ಹೇಗೆ ನೋಡಿಕೊಳ್ಳುತ್ತಿದ್ದೇನೆ ಅಂದರೆ, ರಾಜನಿಗೂ ಅಂಥ ಆರೈಕೆ ಇರಲಿಕ್ಕಿಲ್ಲ. ಔಷಧಿಯ ಹೊಗೆ ಕೊಡುವ ಮಾಸ್ಕನ್ನು ದಿನಾ ಬಿಸಿನೀರಿನಲ್ಲಿ ತೊಳೆದು ಆರಿಸುತ್ತೇನೆ. ಹೊಟ್ಟೆ ತುಂಬಿದರೆ ಉಸಿರು ಮೇಲೆ ಬರುವುದಿಲ್ಲವಂತೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಉಣ್ಣಿಸುತ್ತೇನೆ. ಒಗ್ಗರಣೆ ಘಾಟು ಅವರ ಮೂಗಿಗೆ ತಾಕದಂತೆ ಅಡುಗೆಮನೆಯ ಬಾಗಿಲಿಗೆ ದಪ್ಪ ಪರದೆ ಹಾಕಿದ್ದೇನೆ. ಕರೆಂಟು ಹೋದರೆ ಬೇಕು ಅಂತ ತುಂಬಿದ ಸಿಲಿಂಡರು ಮಂಚದ ಕೆಳಗೆ ಇಟ್ಟಿದ್ದೇನೆ. ಬೆರಳಿಗೆ ಕ್ಲಿಪ್ ಹಾಕಿ ರಕ್ತದಲ್ಲಿ ಗಾಳಿ ಎಷ್ಟಿದೆ ನೋಡುತ್ತೇನೆ, ಕಡಿಮೆಯಾದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಎಲ್ಲಿ ಕೈ ತಪ್ಪಿ ಹೋಗುತ್ತಾರೋ ಅಂತ.

ಮೊನ್ನೆ ಕ್ಯಾಪ್ಟನ್ ಬಂದಿದ್ದ. ಗೊತ್ತಲ್ಲ, ಇವರ ಮೆಚ್ಚಿನ ಶಿಷ್ಯ, ಶಾಲೆಯ ಫುಟ್‌ಬಾಲ್ ತಂಡದ ನಾಯಕ; ಈಗ ಆಟದ ಸಾಮಾನಿನ ಅಂಗಡಿ ಇಟ್ಟಿದ್ದಾನೆ, ತಲೆ ಬೋಳಾಗಿದೆ, ಮೇಷ್ಟ್ರ ಮುಂದೆ ಇನ್ನೂ ಅಟೆನ್ಷನ್ನಿನಲ್ಲೇ ನಿಲ್ಲುತ್ತಾನೆ. ಇವರ ದಿಂಬಿನ ಕೆಳಗೆ ಗುಟ್ಟಾಗಿ ಒಂದು ಸಿಗರೇಟು ಇಟ್ಟು ಹೋಗಿದ್ದ. ಯಂತ್ರದ ಪಕ್ಕ ಬೆಂಕಿ ಹಚ್ಚಿದರೆ ಮನೆಯೇ ಹೊತ್ತಿಕೊಳ್ಳುತ್ತದೆ ಎಂಬ ಬುದ್ಧಿಯಾದರೂ ಬೇಡವೇ? ಇವರ ಕಣ್ಣೆದುರೇ ಅದನ್ನು ಪುಡಿ ಮಾಡಿ ಚೆಲ್ಲಿದೆ. ನೀವು ಹೇಳಬೇಕಾದ್ದನ್ನು ಹೇಳುವ ತನಕ ನಿಮ್ಮ ಎದೆ ನನ್ನದು ಎಂದೆ. ಯಾವುದನ್ನು ಹೇಳುವುದು ಎಂದು ಅವರು ಕೇಳಲಿಲ್ಲ.

ನಿನ್ನ ಅಮ್ಮ

*

ಆಗಸ್ಟ್ 11

ಪುಟ್ಟಿ,

ನಿನ್ನಿಂದ ಉತ್ತರವಿಲ್ಲ. ಕೆಲಸ ಜಾಸ್ತಿ ಇರಬೇಕು ಎಂದುಕೊಂಡಿದ್ದೇನೆ.

ಇವರು ಈಗ ನಳಿಕೆ ತೆಗೆದು ಗೇಟಿನವರೆಗೆ ನಡೆಯುತ್ತಾರೆ. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿದೆ. ಉಸಿರಿನ ಟೀಚರಿಗೆ ಹೆಮ್ಮೆಯೋ ಹೆಮ್ಮೆ. ಬೇರೆ ಮನೆಗಳಲ್ಲಿ ತಿಂಗಳೊಳಗೆ ಮತ್ತೆ ಆಸ್ಪತ್ರೆಗೆ ಓಡುತ್ತಾರಂತೆ, ನೀವು ಹೇಗೆ ಮಾಡುತ್ತೀರಿ ಎಂದು ಉಳಿದವರಿಗೆ ತೋರಿಸಬೇಕು, ಒಂದು ವಿಡಿಯೋ ಮಾಡಿಕೊಳ್ಳಲೇ ಅಂದಳು. ಎಂಥ ಪ್ರೀತಿ ಅಮ್ಮಾ ನಿಮ್ಮದು ಎಂದಳು. ನಿಜ ಹೇಳಿದ್ದರೆ ಹುಡುಗಿ ಸ್ಕೂಟರಿನಿಂದ ಬೀಳುತ್ತಿದ್ದಳು.

ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ. ಪುಟ್ಟಿಯ ಕಿವಿಯ ವಿಷಯ ಯಾವಾಗ ಹೇಳುತ್ತೀರಿ ಎಂದೆ. ಇವರು ತಕ್ಷಣ ತುಟಿ ಚೂಪು ಮಾಡಿ ಒಳಗೆ ಹೊರಗೆ ಶುರುಮಾಡಿದರು. ಕೈ ಅಲ್ಲಾಡಿಸಿ ಉಸಿರಿಲ್ಲ ಎಂದು ಸನ್ನೆ ಮಾಡಿದರು. ಸಂಜೆ ಕ್ಯಾಪ್ಟನ್ ಬಂದ. ಹಳೆಯ ಫೈನಲ್ ಮ್ಯಾಚಿನ ಕಥೆ ಎತ್ತಿದ. ಇವರು ಎದ್ದು ಕೂತು, ಯಾರು ಯಾರಿಗೆ ಚೆಂಡು ಕೊಟ್ಟರು, ಯಾರ ಕೆನ್ನೆಗೆ ಹೊಡೆದು ಓಡಿಸಿದ್ದಕ್ಕೆ ಗೋಲು ಬಂತು, ಎಲ್ಲವನ್ನೂ ಹೇಳಿದರು. ನಾನು ದಿನಾ ಬೆನ್ನು ತಟ್ಟಿ ಕೂಡಿಸಿಟ್ಟ ಉಸಿರು, ಪುಟ್ಟಿ. ಅದನ್ನು ಜಂಬಕ್ಕೆ ಸುರಿದರು. ನಾನು ಪರದೆಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ.

ಹೋಗಲಿ. ಮ್ಯಾಚಿನ ಕಥೆ ಹೇಳುವಷ್ಟು ಉಸಿರಿದೆ ಎಂದಾಯಿತಲ್ಲ.

ನಿನ್ನ ಅಮ್ಮ

*

ಆಗಸ್ಟ್ 29

ಅಮ್ಮ,

ಉತ್ತರ ಬರೆಯದಿದ್ದುದು ಕೆಲಸದಿಂದ ಅಲ್ಲ. ಹೋದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮುದುಕನನ್ನು ನೋಡಿದೆ. ಹೆಗಲಿಗೆ ಸಣ್ಣ ಸಿಲಿಂಡರಿನ ಚೀಲ, ಮೂಗಿಗೆ ನಳಿಕೆ. ಮೂರು ಮೆಟ್ಟಿಲು ಹತ್ತಲು ಕಂಬ ಹಿಡಿದು ನಿಂತ, ಕತ್ತಿನ ನರಗಳೆಲ್ಲ ಎದ್ದಿದ್ದವು. ಬಸ್ಸು ಕಾಯಲಿಲ್ಲ, ಹೊರಟುಹೋಯಿತು. ಅವನು ಯಾರನ್ನೂ ಬಯ್ಯಲಿಲ್ಲ, ಬಯ್ಯಲು ಉಸಿರಿರಲಿಲ್ಲ ಅಷ್ಟೆ. ಅವತ್ತು ನನಗೆ ಊಟ ಸೇರಲಿಲ್ಲ.

ಬಿಟ್ಟುಬಿಡಮ್ಮ. ಸಾಕು. ಹೇಳಿದರೆ ನನ್ನ ಕಿವಿಯೇನೂ ವಾಪಸ್ ಬರುವುದಿಲ್ಲ. ನಾನು ಸಿಟ್ಟಿನಲ್ಲಿ ಬರೆದೆ, ನೀನು ಅದನ್ನು ಹಿಡಿದು ಕೂತುಬಿಟ್ಟೆ. ಇಷ್ಟು ಕಾಗದ ಬರೆದಿದ್ದೀಯ, ಎಲ್ಲದರಲ್ಲೂ ಅವರ ಉಸಿರು, ಅವರ ಊಟ, ಅವರ ಬೆನ್ನು. ನೀನು ಉಂಡೆಯಾ, ನಿದ್ದೆ ಮಾಡಿದೆಯಾ ಎಂದು ಒಂದು ಸಾಲಿಲ್ಲ.

ನಿನ್ನ ಪುಟ್ಟಿ

*

ಸೆಪ್ಟೆಂಬರ್ 9

ಪುಟ್ಟಿ,

ನೀನು ಬಿಡಬಹುದು. ಕಿವಿ ನಿನ್ನದು. ಆದರೆ ಆ ಬಾಗಿಲಿನ ಈಚೆ ನಿಂತಿದ್ದವಳು ನಾನು. ಆ ಏಟಿನ ಸದ್ದು ನನ್ನ ಎರಡು ಕಿವಿಗೂ ಕೇಳಿತ್ತು, ಈಗಲೂ ಕೇಳುತ್ತದೆ. ಅದನ್ನು ನಾನು ಯಾರಿಗೆ ಬಿಟ್ಟುಕೊಡಲಿ?

ನನಗೆ ಉಪದೇಶ ಮಾಡಬೇಡ. ಉಂಡೆ, ನಿದ್ದೆ ಮಾಡಿದೆ. ಚೆನ್ನಾಗಿಯೇ ಮಾಡುತ್ತಿದ್ದೇನೆ. ನನ್ನ ಜೀವನದಲ್ಲಿ ಮೊದಲ ಬಾರಿಗೆ ಈ ಮನೆಯಲ್ಲಿ ಒಂದು ಕೆಲಸವನ್ನು ನನಗೋಸ್ಕರ ಮಾಡುತ್ತಿದ್ದೇನೆ.

ಕ್ಯಾಪ್ಟನ್ ಮತ್ತು ಹಳೆಯ ಹುಡುಗರೆಲ್ಲ ಸೇರಿ ಮೇಷ್ಟ್ರಿಗೆ ಒಂದು ಸಮಾರಂಭ ಮಾಡುತ್ತಾರಂತೆ. ಇವರಿಗೆ ದೂರ ಹೋಗಲಾಗುವುದಿಲ್ಲವಲ್ಲ, ಅದಕ್ಕೆ ನಮ್ಮ ಮನೆಯ ಹಾಲ್‌ನಲ್ಲೇ. ಶಾಲೆಯ ಮೈದಾನಕ್ಕೆ ಇವರ ಹೆಸರಿಡಲು ಒಪ್ಪಿಗೆ ಸಿಕ್ಕಿದೆಯಂತೆ, ಅದನ್ನು ಅವತ್ತು ಹೇಳುತ್ತಾರೆ. ಮೇಷ್ಟ್ರು ಎರಡು ಮಾತಾಡಬೇಕು, ಅಷ್ಟು ಮಾಡಿಸಿಕೊಡಿ ಅಮ್ಮಾ ಎಂದು ಕೈ ಮುಗಿದ. ಮಾಡಿಸಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ನಿನ್ನ ಅಮ್ಮ

*

ಅಕ್ಟೋಬರ್ 4

ಪುಟ್ಟಿ,

ನಿನ್ನೆ ಸಮಾರಂಭ ಆಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಗ್ಗೆ ಬೆನ್ನು ತಟ್ಟುವಾಗ ಹೇಳಿದೆ. ಇವತ್ತು ನೀವು ಹೇಳಬೇಕು. ನೀವು ಹೇಳದಿದ್ದರೆ ನಾನು ಹೇಳುತ್ತೇನೆ. ನಾನು ಹೇಳಲು ಶುರುಮಾಡಿದರೆ ಪುಟ್ಟಿಯದಷ್ಟೇ ಅಲ್ಲ, ನನ್ನದೂ ಹೇಳುತ್ತೇನೆ, ಮೊದಲಿನಿಂದ ಹೇಳುತ್ತೇನೆ, ಮಧ್ಯದಲ್ಲಿ ಬಾಯಿ ಹಾಕಿ ಇಲ್ಲ ಎನ್ನಲು ನಿಮಗೆ ಉಸಿರಿರುವುದಿಲ್ಲ. ದಿಂಬಿನಲ್ಲಿ ಮುಖ ಹುದುಗಿಸಿಕೊಂಡೇ ಕೇಳಿದರು. ಆಗಲಿ ಎಂದು ತಲೆಯಾಡಿಸಿದರು.

ಜನ ಹಾಲ್ ತುಂಬಿ ವರಾಂಡದವರೆಗೂ ಕೂತಿದ್ದರು. ಎಲ್ಲರೂ ಸಂಸಾರಸ್ಥರು, ದೊಡ್ಡ ದೊಡ್ಡ ಹೊಟ್ಟೆಯವರು. ಉಸಿರಿನ ಟೀಚರೂ ಬಂದಿದ್ದಳು. ಭಾಷಣಗಳಾದವು, ಮೈದಾನದ ವಿಷಯ ಹೇಳಿದರು, ಚಪ್ಪಾಳೆ ಬಿತ್ತು. ಆಮೇಲೆ ಕ್ಯಾಪ್ಟನ್ ಮೈಕನ್ನು ಇವರ ಬಾಯಿಯ ಹತ್ತಿರ ಹಿಡಿದ.

ಇವರು ಮೊದಲು ಎಲ್ಲರಿಗೂ ಕೃತಜ್ಞತೆ ಹೇಳಿದರು. ನಾನು ಕೆಮ್ಮಿದೆ. ಇವರು ನನ್ನ ಕಡೆ ನೋಡಿ, ಸಭೆಯ ಕಡೆ ತಿರುಗಿ, ನಕ್ಕು ಹೇಳಿದರು: "ನಿಮಗೆ ಮಾತ್ರ ಅಲ್ಲ ಕಣ್ರೋ... ನನ್ನ ಮಗಳಿಗೂ... ಬಿಟ್ಟಿಲ್ಲ. ಒಂದು ಕೊಟ್ಟೆ... ಕಿವೀನೇ ಹೋಯ್ತು."

ಸಭೆಯೆಲ್ಲ ನಕ್ಕಿತು. ಚಪ್ಪಾಳೆ ಹೊಡೆದರು, ಪುಟ್ಟಿ. ಮೇಷ್ಟ್ರ ಏಟು ಅಂದ್ರೆ ಸುಮ್ನೇನಾ ಎಂದ ಒಬ್ಬ. ಇನ್ನೊಬ್ಬ ತನ್ನ ಮುರಿದ ಹಲ್ಲು ತೋರಿಸಿದ. ನಾವು ಮನುಷ್ಯರಾಗಿದ್ದೇ ಆ ಏಟಿನಿಂದ ಎಂದ ಮತ್ತೊಬ್ಬ. ಎಲ್ಲರೂ ತಮಗೆ ಬಿದ್ದ ಏಟನ್ನು ಬಹುಮಾನದ ಹಾಗೆ ಒಬ್ಬರಿಗೊಬ್ಬರು ತೋರಿಸತೊಡಗಿದರು. ಇವರೂ ಅವರ ಜೊತೆ ನಗುತ್ತಿದ್ದರು. ಹೇಳು ಎಂದೆಯಲ್ಲ, ಹೇಳಿದೆ ಎಂಬ ಹಾಗೆ ನನ್ನನ್ನು ನೋಡಿದರು. ಇಷ್ಟು ತಿಂಗಳು ಜೀವ ತೇಯ್ದು ಕೂಡಿಸಿದ್ದು ಒಂದು ನಗೆಚಾಟಿಕೆಯಲ್ಲಿ ಹಾರಿಹೋಯಿತು.

ಆದರೆ ನಗುವುದಕ್ಕೂ ಉಸಿರು ಬೇಕು. ಇವರಿಗೆ ಕೆಮ್ಮು ಹತ್ತಿಕೊಂಡಿತು. ಮುಖ ನೀಲಿಗಟ್ಟಿತು, ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. ಸಭೆ ಗಾಬರಿಯಿಂದ ಎದ್ದು ನಿಂತಿತು. ಟೀಚರು ಓಡಿ ಬಂದು ಯಂತ್ರದ ಗಾಳಿ ಸರಿಮಾಡಿದಳು. ನಾನು ಎಲ್ಲರನ್ನೂ ಸರಿಸಿ ಹೋಗಿ, ಅಂಗಿ ಎತ್ತಿ, ಬೊಗಸೆ ಕೈಯಿಂದ ತಟ್ಟಿದೆ. ಅವರ ಬೆನ್ನಿನ ಎಲುಬು ಎಲ್ಲರಿಗೂ ಕಂಡಿತು. ಹುಡುಗರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕಫ ಕಿತ್ತು ಬಂತು, ಬಟ್ಟಲಿಗೆ ಉಗುಳಿಸಿದೆ, ಬಾಯಿ ಒರೆಸಿದೆ, ಬೆರಳಿಗೆ ಕ್ಲಿಪ್ ಹಾಕಿ ನೋಡಿದೆ. ಸರಿಯಾಗಿದ್ದಾರೆ ಎಂದಳು ಟೀಚರು.

ಆಗ ಕ್ಯಾಪ್ಟನ್ ಕೈಯಿಂದ ಮೈಕು ತೆಗೆದುಕೊಂಡು ಇವರ ಬಾಯಿಗೆ ಹಿಡಿದೆ. "ಈಗ ಉಸಿರು ಬಂತಲ್ಲ. ನಗದೆ ಹೇಳಿ. ಯಾರೂ ನಗಬೇಡಿ," ಅಂದೆ.

ಇವರು ಕಣ್ಣಲ್ಲೇ ಬೇಡ ಎಂದು ಕೇಳಿಕೊಂಡರು. ನಾನು ಮೈಕು ಸರಿಸಲಿಲ್ಲ. ಕೊನೆಗೆ ಒಂದೊಂದೇ ಮಾತು ಬಂತು. "ಎಂಟು ವರ್ಷ ಆಗಿತ್ತು ಅವಳಿಗೆ. ಎಡಕ್ಕೆ ತಿರುಗು ಅಂದೆ... ಬಲಕ್ಕೆ ತಿರುಗಿದಳು. ಬಾಗಿಲು ಹಾಕಿ ಹೊಡೆದೆ. ಜ್ವರ ಇರಲಿಲ್ಲ. ಜ್ವರ ಅಂತ... ಸುಳ್ಳು ಹೇಳಿದೆ. ಎಲ್ಲರಿಗೂ ಹೇಳಿದೆ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಲ್ಲು ತೋರಿಸಿದವನು ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದ. ಆಮೇಲೆ ಒಬ್ಬೊಬ್ಬರೇ ಏನೋ ಕೆಲಸವಿದೆ ಎಂದು ಚಪ್ಪಲಿ ಹುಡುಕಿಕೊಂಡರು. ಕ್ಯಾಪ್ಟನ್ ಮಾತ್ರ ಉಳಿದು ಕುರ್ಚಿಗಳನ್ನು ಮಡಿಸಿಟ್ಟ. ಮೇಷ್ಟ್ರ ಮುಖವನ್ನು ಒಮ್ಮೆಯೂ ನೋಡಲಿಲ್ಲ.

ರಾತ್ರಿ ನನಗೆ ನಿದ್ದೆ ಬಂತು, ಪುಟ್ಟಿ. ಒಂದೇ ಮಗ್ಗುಲಿಗೆ ಬೆಳಗಿನವರೆಗೆ.

ನಿನ್ನ ಅಮ್ಮ

*

ಅಕ್ಟೋಬರ್ 10

ಅಮ್ಮ,

ನಿನ್ನ ಕಾಗದವನ್ನು ಯಂತ್ರ ನಿಲ್ಲಿಸಿ ಓದಿದೆ. ಮೇಲ್ವಿಚಾರಕ ಬಂದು ಬಯ್ದ, ಬಯ್ಯಲಿ ಎಂದು ಓದು ಮುಗಿಸಿದೆ. ಆಮೇಲೆ ತುಂಬಾ ಹೊತ್ತು ಅತ್ತೆ. ಬಸ್‌ಸ್ಟ್ಯಾಂಡಿನ ಮುದುಕನಿಗಲ್ಲ, ಆ ಮೂರನೇ ಕ್ಲಾಸಿನ ಹುಡುಗಿಗೆ. ಬಿಟ್ಟುಬಿಡು ಎಂದು ಬರೆದಿದ್ದೆನಲ್ಲ, ನೀನು ನನ್ನ ಮಾತು ಕೇಳದಿದ್ದುದೇ ಒಳ್ಳೆಯದಾಯಿತು.

ಮಾತು ಮಾತೇ. ಹೇಳಿದ ದಿನ ಬರುತ್ತೇನೆ ಎಂದಿದ್ದೆ. ರಜೆ ಕೇಳಿದ್ದೇನೆ, ತಿಂಗಳ ಕೊನೆಗೆ ಹೊರಡುತ್ತೇನೆ. ಅವರ ಎದುರು ನಿಂತು ಏನು ಮಾತಾಡಬೇಕೋ ಗೊತ್ತಿಲ್ಲ.

ನಿನ್ನ ಪುಟ್ಟಿ

*

ಅಕ್ಟೋಬರ್ 18

ಪುಟ್ಟಿ,

ರಜೆ ವಾಪಸ್ ಮಾಡು. ನೀನು ಬರಬೇಡ, ನಾನೇ ಬರುತ್ತಿದ್ದೇನೆ. ಇದೇ 26ರ ಬೆಳಗ್ಗೆ ಸ್ಟೇಷನ್ನಿಗೆ ಬಾ. ಒಂದು ಟ್ರಂಕು, ಒಂದು ಚೀಲ, ಅಷ್ಟೇ ನನ್ನದು.

ಕ್ಯಾಪ್ಟನ್ನನ್ನು ಕರೆಸಿ ಹೇಳಿದೆ. ಮೇಷ್ಟ್ರು ಅಂದರೆ ನಿಮಗೆಲ್ಲ ಪ್ರಾಣ ತಾನೇ, ಆ ಪ್ರಾಣವನ್ನು ಇನ್ನು ನೀವೇ ನೋಡಿಕೊಳ್ಳಿ ಎಂದೆ. ಅವನು ಬಿಳಿಚಿಕೊಂಡ, ಆದರೆ ಇಲ್ಲ ಎನ್ನಲಿಲ್ಲ. ಹಳೆಯ ಹುಡುಗರು ಪಾಳಿ ಹಾಕಿಕೊಂಡಿದ್ದಾರೆ. ಮಾಸ್ಕು ತೊಳೆಯುವುದು, ಕ್ಲಿಪ್ ನೋಡುವುದು, ಸಿಲಿಂಡರು ಬದಲಿಸುವುದು, ಎಲ್ಲವನ್ನೂ ಟೀಚರೂ ನಾನೂ ಸೇರಿ ಕಲಿಸಿದ್ದೇವೆ. ಬೆನ್ನು ತಟ್ಟಲು ಮಾತ್ರ ಕ್ಯಾಪ್ಟನ್ನಿಗೆ ಕೈ ಏಳಲಿಲ್ಲ, ಮೇಷ್ಟ್ರಿಗೆ ಹೇಗೆ ಹೊಡೆಯಲಿ ಎಂದ. ಹೊಡೆಯುವುದಲ್ಲಪ್ಪ, ತಟ್ಟುವುದು, ಎರಡೂ ಬೇರೆ ಎಂದು ಇಷ್ಟು ವಯಸ್ಸಿಗಾದರೂ ಕಲಿ ಎಂದೆ. ಎರಡು ಮೂರು ದಿನಕ್ಕೆ ಕಲಿತ.

ಇಷ್ಟು ಚೆನ್ನಾಗಿ ಉಳಿಸಿದ್ದೀರಿ, ಈಗ ಯಾಕೆ ಹೋಗುತ್ತೀರಿ ಎಂದು ಟೀಚರು ಕೇಳಿದಳು. ನನ್ನ ಕೆಲಸ ಮುಗಿಯಿತಮ್ಮ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ವಿಡಿಯೋದ ಮಾತು ಎತ್ತಲಿಲ್ಲ.

ನಿಮ್ಮಪ್ಪನಿಗೆ ಇವತ್ತು ಬೆಳಗ್ಗೆ ಹೇಳಿದೆ. ಟ್ರಂಕು ನೋಡಿ ಅವರಿಗೆ ಅರ್ಥವಾಗಿತ್ತು. ನಾನು ದಿಂಬು ಸರಿಮಾಡುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. ಮೊದಲಿನ ಹಿಡಿತವೇನಲ್ಲ, ಬಿಡಿಸಿಕೊಳ್ಳುವುದು ಸುಲಭವಿತ್ತು. ಉಸಿರು ಎಳೆದುಕೊಂಡರು, ತುಟಿ ಚೂಪು ಮಾಡಿದರು, ಮತ್ತೆ ಎಳೆದುಕೊಂಡರು.

"ಹೋಗ್ಬೇಡ ಕಣೆ... ನೀನಿಲ್ದೆ ನಾನು..." ಅಂದರು. ಕಣ್ಣಲ್ಲಿ ನೀರಿತ್ತು. ಮದುವೆಯಾದಾಗಿನಿಂದ ಈ ಮಾತು ಕೇಳಬೇಕೆಂದು ನಾನು ಕಾದಿದ್ದ ದಿನಗಳೂ ಇದ್ದವು.

ಕೈ ಬಿಡಿಸಿಕೊಂಡು, ನಳಿಕೆಯನ್ನು ಅವರ ಕಿವಿಯ ಹಿಂದೆ ಸರಿಯಾಗಿ ಸಿಕ್ಕಿಸಿದೆ.

"ಜಾಸ್ತಿ ಮಾತಾಡ್ಬೇಡಿ," ಅಂದೆ. "ಉಸಿರು ಸಾಲಲ್ಲ."

ನಿನ್ನ ಅಮ್ಮ